ನಾದಬೇಡ, ಕಲಸಿ ಬಿಡು

ಮಗೂ,

ಮೊದಲ ಬ್ರೆಡ್ಡು ಕಲ್ಲಾಯಿತು ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ, ಹಿಟ್ಟು ಎಷ್ಟು ಹೊತ್ತು ನಾದಿದೆ ಎಂದು ಕೇಳಿದೆ. "ಹತ್ತು ನಿಮಿಷ ದೊಡ್ಡಮ್ಮ, ಚಪಾತಿ ಹಿಟ್ಟಿನ ಥರ ಮೆತ್ತಗಾಗೋವರೆಗೂ" ಅಂದೆ. ಉತ್ತರ ಅಲ್ಲೇ ಇತ್ತು. ಆದರೆ ಫೋನಿನಲ್ಲಿ ಹೇಳಿದ್ದು ಅಡುಗೆಮನೆಯಲ್ಲಿ ನಿಂತಾಗ ನೆನಪಿಗೆ ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದಿಕೋ, ಆಮೇಲೆ ಹಿಟ್ಟಿಗೆ ಕೈ ಹಾಕು.

ನಿನ್ನಮ್ಮ ನಿನಗೆ ಚಪಾತಿ ಚೆನ್ನಾಗಿ ಕಲಿಸಿದ್ದಾಳೆ. ಗಂಡು ಹುಡುಗ ಅಂತ ಒಲೆಯಿಂದ ದೂರ ಇಡಲಿಲ್ಲ, ಅದು ನನಗೆ ಬಹಳ ಹೆಮ್ಮೆ. ಆದರೆ ಸೋಡಾ ಹಾಕಿ ಮಾಡುವ ಬ್ರೆಡ್ಡಿಗೆ ಆ ಚಪಾತಿಯ ಕೈ ಆಗುವುದಿಲ್ಲ. ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳಿವೆ. ನೀರು ಸೋಕಿದೊಡನೆ ಒಂದಕ್ಕೊಂದು ಹೆಣೆದುಕೊಳ್ಳಲು ಶುರುಮಾಡುತ್ತವೆ. ಹೀಗೆ ಹೆಣೆದುಕೊಂಡದ್ದೇ ಗ್ಲೂಟನ್. ನಾದಿದಷ್ಟೂ ಅದು ಬಿಗಿಯಾಗುತ್ತದೆ. ಚಪಾತಿಗೆ ಆ ಬಿಗಿ ಬೇಕು, ಇಲ್ಲದಿದ್ದರೆ ಲಟ್ಟಿಸುವಾಗ ಹರಿಯುತ್ತದೆ. ಬೇಕರಿಯ ಈಸ್ಟ್ ಬ್ರೆಡ್ಡಿಗೂ ಬೇಕು. ಈಸ್ಟ್ ಗಂಟೆಗಟ್ಟಲೆ ಬಿಡುತ್ತಾ ಹೋಗುವ ಗಾಳಿಯನ್ನು ಆ ಬಿಗಿಯೇ ಹಿಡಿದಿಟ್ಟುಕೊಳ್ಳುವುದು. ಸೋಡಾ ಹಾಗೆ ಕಾಯುವುದಿಲ್ಲ. ಮಜ್ಜಿಗೆಯ ಹುಳಿ ತಾಗಿದ ಗಳಿಗೆಯಿಂದಲೇ ಇಂಗಾಲದ ಡೈಆಕ್ಸೈಡ್ ಬಿಡಲು ಶುರು. ನೀನು ನಾದುತ್ತಾ ನಿಂತ ಹತ್ತು ನಿಮಿಷದಲ್ಲಿ ಹಿಟ್ಟು ಬಿಗಿಯಿತು, ಅದನ್ನು ಉಬ್ಬಿಸಬೇಕಾದ ಗಾಳಿ ಹೊರಟೂ ಹೋಯಿತು. ಓವನ್ನಿಗೆ ಹೋಗುವ ಹೊತ್ತಿಗೆ ಅದರಲ್ಲಿ ಉಳಿದದ್ದು ಗಟ್ಟಿ ಹಿಟ್ಟು ಮಾತ್ರ.

ಹಾಗಾಗಿ ಈ ಬ್ರೆಡ್ಡಿನಲ್ಲಿ ಕಲಿಯಬೇಕಾದ ದೊಡ್ಡ ಕೆಲಸ ಕೈ ಎತ್ತಿಕೊಳ್ಳುವುದು. ಹಿಟ್ಟು ಒರಟಾಗಿ, ತರಿತರಿಯಾಗಿ ಕಾಣುವಾಗಲೇ ಸಾಕು ಅನ್ನಬೇಕು. ಇನ್ನೊಂದು ಸುತ್ತು ತಿರುವಿದರೆ ನುಣ್ಣಗಾದೀತು ಅನ್ನಿಸುತ್ತದೆ. ತಿರುವಬೇಡ.

ಈ ಬಗೆಯ ಬ್ರೆಡ್ಡು ಐರ್ಲೆಂಡಿನ ಹಳ್ಳಿಮನೆಗಳದು. ಅದರ ಹಿನ್ನೆಲೆ ಗೊತ್ತಿದ್ದರೆ ಏನು ಬೇಕು, ಏನು ಬೇಡ ಎನ್ನುವುದು ನಿನಗೇ ತಿಳಿಯುತ್ತದೆ. ಅಲ್ಲಿಯ ತಂಪು, ತೇವದ ಹವೆಯಲ್ಲಿ ಬೆಳೆಯುವ ಗೋಧಿ ಮೃದು ಜಾತಿಯದು, ಪ್ರೋಟೀನ್ ಕಡಿಮೆ. ಈಸ್ಟ್ ಹಾಕಿ ಎತ್ತರಕ್ಕೆ ಉಬ್ಬಿಸುವ ಬ್ರೆಡ್ಡಿಗೆ ಅದು ಅಷ್ಟಾಗಿ ಒದಗುವುದಿಲ್ಲ. 19ನೇ ಶತಮಾನದ ಮೊದಲರ್ಧದಲ್ಲಿ ಅಡುಗೆ ಸೋಡಾ ಜನರ ಕೈಗೆ ಸಿಗತೊಡಗಿದಾಗ ಆ ಹಿಟ್ಟಿಗೆ ಅದು ಹೇಳಿ ಮಾಡಿಸಿದ ಜೋಡಿಯಾಯಿತು. ಮನೆಯಲ್ಲೇ ಬೆಣ್ಣೆ ಕಡೆಯುತ್ತಿದ್ದರಿಂದ ಹುಳಿ ಮಜ್ಜಿಗೆಗೆ ಬರವಿರಲಿಲ್ಲ. ಓವನ್ ಇದ್ದ ಮನೆ ಕಡಿಮೆ. ಬಾಸ್ಟಿಬಲ್ ಎಂಬ ಬೀಡುಕಬ್ಬಿಣದ ಮುಚ್ಚಳದ ಪಾತ್ರೆಯಲ್ಲಿ ಹಿಟ್ಟಿಟ್ಟು, ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಉರುವಲಿನ ಬೆಂಕಿಗೆ ಇಡುತ್ತಿದ್ದರು. ಮುಚ್ಚಳದ ಮೇಲೂ ಕೆಂಡ ಹರವುತ್ತಿದ್ದರು. ದಮ್ ಬಿರಿಯಾನಿಗೆ ನಮ್ಮಲ್ಲೂ ಅದೇ ಉಪಾಯ ಉಂಟಲ್ಲ, ಮೇಲಿನಿಂದಲೂ ಶಾಖ ಬೇಕಾದಾಗ ಮುಚ್ಚಳದ ಮೇಲೆ ಕೆಂಡ. ಹಿಟ್ಟು, ಉಪ್ಪು, ಸೋಡಾ, ಮಜ್ಜಿಗೆ, ಈ ನಾಲ್ಕೇ ಸಾಮಾನು. ಓವನ್ನೂ ಇಲ್ಲದ ಬಡ ಮನೆಗಳಲ್ಲಿ ದಿನದಿನದ ಊಟವಾಗಿದ್ದ ಬ್ರೆಡ್ಡು ಇದು. ಆದ್ದರಿಂದ ಸಿಲಿಕಾನ್ ಅಚ್ಚು, ಸ್ಟ್ಯಾಂಡ್ ಮಿಕ್ಸರ್ ಅಂತ ಹಣ ಚೆಲ್ಲಬೇಡ. ಬಾಡಿಗೆ ಕಟ್ಟಿ, ಸಾಲದ ಕಂತು ಕಟ್ಟಿ ಉಳಿಯುವ ಸಂಬಳದಲ್ಲಿ ಅದೆಲ್ಲ ಯಾಕೆ? ಒಂದು ಅಲ್ಯೂಮಿನಿಯಂ ತಟ್ಟೆ ಸಾಕು.

ಎರಡು ವಸ್ತುಗಳಿಗೆ ಮಾತ್ರ ಕೈ ಬಿಚ್ಚು. ಒಂದು, ಗ್ರಾಂ ಲೆಕ್ಕದಲ್ಲಿ ತೂಗುವ ಪುಟ್ಟ ತೂಕದ ಮಷಿನ್. ಇನ್ನೊಂದು, 5 ಮಿಲಿಲೀಟರಿನ ಅಳತೆಯ ಟೀ ಚಮಚ, ಅದರ ಜೊತೆಗೇ ಅರ್ಧ, ಕಾಲು ಚಮಚಗಳೂ ಬರುತ್ತವೆ. ನಮ್ಮ ಮನೆಗಳ ಚಮಚ ಒಂದೊಂದೂ ಒಂದೊಂದು ಗಾತ್ರ. ಉಪ್ಪಿನಕಾಯಿ ಜಾಡಿಯ ಚಮಚ ಬೇರೆ, ಕಾಫಿಪುಡಿಯದು ಬೇರೆ. ಸಾರಿಗೆ ಅದು ನಡೆಯುತ್ತದೆ, ಸೋಡಾಕ್ಕೆ ನಡೆಯುವುದಿಲ್ಲ.

ಈಗ ಅಳತೆ ಬರೆದುಕೋ. ಮೈದಾ 200 ಗ್ರಾಂ, ಚಪಾತಿಗೆ ಬಳಸುವ ಗೋಧಿ ಹಿಟ್ಟು 100 ಗ್ರಾಂ. ಬರೀ ಗೋಧಿ ಹಿಟ್ಟಿನಲ್ಲೇ ಮಾಡಬೇಡ, ಮೊದಮೊದಲು ಕೈ ಕುದುರುವ ತನಕವಾದರೂ. ಉಪ್ಪು ಒಂದು ಟೀ ಚಮಚ, ಸೋಡಾ ಮುಕ್ಕಾಲು ಟೀ ಚಮಚ, ಎರಡನ್ನೂ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿದ್ದು. ಗಟ್ಟಿ ಹುಳಿಮೊಸರು 180 ಮಿಲಿಲೀಟರಿಗೆ 60 ಮಿಲಿಲೀಟರ್ ನೀರು ಹಾಕಿ ಕಡೆದರೆ ಬೇಕಾದ ಮಜ್ಜಿಗೆ ಆಯಿತು. ನಾವು ಊಟಕ್ಕೆ ಮಾಡುವ ನೀರು ಮಜ್ಜಿಗೆ ಇದಕ್ಕೆ ಬರುವುದಿಲ್ಲ, ಅದರಲ್ಲಿ ಹುಳಿ ಸಾಲದು. ಪ್ಯಾಕೆಟ್ಟಿನ ಮಸಾಲೆ ಮಜ್ಜಿಗೆಯನ್ನಂತೂ ಮುಟ್ಟಬೇಡ, ಅದರ ಉಪ್ಪಿನ ಲೆಕ್ಕ ನಿನ್ನ ಕೈಯಲ್ಲಿಲ್ಲ. ಅಂಗಡಿ ಮೊಸರು ಸಪ್ಪೆ ಇದ್ದರೆ ಹಿಂದಿನ ರಾತ್ರಿಯೇ ಫ್ರಿಜ್ಜಿನಿಂದ ಹೊರಗಿಡು, ಬೆಳಿಗ್ಗೆಗೆ ಹುಳಿ ಬಂದಿರುತ್ತದೆ. ಚಳಿಗಾಲದಲ್ಲಿ ಹಾಗೂ ಬರದಿದ್ದರೆ ಅರ್ಧ ನಿಂಬೆಹಣ್ಣು ಹಿಂಡು.

ಸೋಡಾದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಿಮ್ಮ ವಯಸ್ಸಿನವರು ಇನ್ನಷ್ಟು ಉಬ್ಬಲಿ ಎಂದು ಸುರಿಯುವುದು ಇದನ್ನೇ. ಹುಳಿಗೆ ಸರಿಯಾದಷ್ಟೇ ಸೋಡಾ ಕೆಲಸ ಮಾಡುವುದು. ಮಿಕ್ಕದ್ದು ಬಿಸಿಗೆ ವಾಷಿಂಗ್ ಸೋಡಾದ ಜಾತಿಯ ಕ್ಷಾರವಾಗಿ ಬ್ರೆಡ್ಡಿನಲ್ಲೇ ಉಳಿಯುತ್ತದೆ. ಸೋಪು ಕಚ್ಚಿದ ರುಚಿ, ಹಳದಿ ತಿರುಗಿದ ಬಣ್ಣ, ಎರಡೂ ಅದರ ಗುರುತು. ಇದನ್ನು ಕಣ್ಣಿನಲ್ಲೇ ಕಾಣುವ ಒಂದು ದಾರಿ ಇದೆ. ಹಿಟ್ಟಿಗೆ ಎರಡು ಚಿಟಿಕೆ ಅರಿಶಿನ ಹಾಕು. ಆರತಿ ನೀರಿಗೆ ಅರಿಶಿನ, ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಹುಟ್ಟಿದಾಗಿನಿಂದ ನೋಡಿದ್ದೀಯ. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ. ಬೆಂದ ಬ್ರೆಡ್ಡು ಕುಯ್ದಾಗ ಒಳಗೆ ಸಮನಾದ ತಿಳಿ ಹಳದಿ ಇದ್ದರೆ ಸೋಡಾ ಮತ್ತು ಹುಳಿ ಹೊಂದಿಕೊಂಡಿವೆ ಎಂದರ್ಥ. ಪೂರ್ತಿ ಕೆಂಪು ಛಾಯೆ ಇದ್ದರೆ ಸೋಡಾ ಹೆಚ್ಚು ಅಥವಾ ಮೊಸರಿನ ಹುಳಿ ಕಡಿಮೆ. ಅಲ್ಲಲ್ಲಿ ಕೆಂಪು ಚುಕ್ಕೆ ಮಾತ್ರ ಕಂಡರೆ ಅಳತೆ ಸರಿ ಇದೆ, ಸೋಡಾದ ಗಂಟು ಒಡೆದಿಲ್ಲ. ಹಾಗಾಗಿ ಸೋಡಾವನ್ನು ಅಂಗೈ ಮೇಲೆ ಹಾಕಿಕೊಂಡು ಇನ್ನೊಂದು ಕೈಯ ಬೆರಳಿನಿಂದ ತಿಕ್ಕಿ ಪುಡಿ ಮಾಡು. ಬೆರಳಿಗೆ ಒಂದು ಕಾಳೂ ಸಿಗಬಾರದು. ಆಮೇಲೆ ಹಿಟ್ಟು, ಉಪ್ಪು, ಅರಿಶಿನದ ಜೊತೆ ಎರಡು ಸಲ ಜರಡಿ ಹಿಡಿ.

ಬೇಕಿಂಗ್ ಪೌಡರ್ ಹಾಕಬಹುದಾ ಎಂದು ಕೇಳಿದ್ದೆ. ಅದು ಸೋಡಾವೇ, ಜೊತೆಗೆ ಒಣಗಿದ ಹುಳಿಯ ಪುಡಿ, ತೇವ ಹೀರಲು ಒಂದಿಷ್ಟು ಮೆಕ್ಕೆಜೋಳದ ಪಿಷ್ಟ. ಮಜ್ಜಿಗೆಯಂಥ ಹುಳಿ ಇಲ್ಲದ, ಬರೀ ಹಾಲಿನಲ್ಲಿ ಕಲಸುವ ತಿಂಡಿಗೆ ಅದು ಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯವನಿದ್ದ. ಅವನ ಹೆಂಡತಿಗೆ ಈಸ್ಟ್ ಆಗುತ್ತಿರಲಿಲ್ಲ, ಮೊಟ್ಟೆಯೂ ಆಗುತ್ತಿರಲಿಲ್ಲ. ಅವಳಿಗಾಗಿ ಮೊಟ್ಟೆ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ, 1843ರಲ್ಲಿ ಈಸ್ಟ್ ಬೇಡದ ಬೇಕಿಂಗ್ ಪೌಡರನ್ನೂ ಮಾಡಿದ. ಮನೆಯಲ್ಲೊಬ್ಬರು ಬ್ರೆಡ್ ತಿನ್ನಲಾರದೆ ಇದ್ದಾರಲ್ಲ ಎಂಬ ಸಂಕಟದಿಂದ ಹುಟ್ಟಿದ ಪುಡಿ ಇವತ್ತು ಊರೂರ ಅಂಗಡಿಯಲ್ಲಿದೆ. ನನಗೆ ಈ ಕತೆ ತುಂಬ ಇಷ್ಟ, ಅದಕ್ಕೇ ನಿನಗೆ ಹೇಳಿದ್ದು. ನಮ್ಮ ಬ್ರೆಡ್ಡಿಗೆ ಮಾತ್ರ ಸೋಡಾ ಸಾಕು, ಹುಳಿ ಮಜ್ಜಿಗೆಯಲ್ಲೇ ಇದೆ.

ಇನ್ನು ಖಾರ. ಐರ್ಲೆಂಡಿನವರ ಬ್ರೆಡ್ಡು ಸಪ್ಪೆಯಾಗಿರುತ್ತದೆ, ಬೆಣ್ಣೆ ಹಚ್ಚಿಕೊಂಡು ಸೂಪಿನ ಜೊತೆ ತಿನ್ನುತ್ತಾರೆ. ನಮ್ಮ ನಾಲಿಗೆಗೆ ಅಯ್ಯಂಗಾರ್ ಬೇಕರಿಯ ಖಾರಾ ಬನ್ನಿನ ರುಚಿ ಅಂಟಿದೆ. ಅದು ಈಸ್ಟಿನದು, ಇದು ಸೋಡಾದ್ದು, ಆದರೂ ಅದರ ಒಳಗಿನ ಸಂಭಾರ ಇಲ್ಲಿಗೂ ಒಪ್ಪುತ್ತದೆ. ಒಂದು ದೊಡ್ಡ ಈರುಳ್ಳಿ, ಎರಡು ಮೂರು ಹಸಿಮೆಣಸಿನಕಾಯಿ, ಒಂದೆಳೆ ಕರಿಬೇವು, ಎಲ್ಲವನ್ನೂ ಸಣ್ಣಗೆ ಹೆಚ್ಚು. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಅರ್ಧ ಚಮಚ ಜೀರಿಗೆ ಚಟಗುಟ್ಟಿಸಿ, ಇವನ್ನು ಹಾಕಿ ಈರುಳ್ಳಿಯ ನೀರು ಆರುವವರೆಗೆ ಬಾಡಿಸು. ಹಸಿ ಈರುಳ್ಳಿ ಹಾಕಿದರೆ ಬೇಯುವಾಗ ನೀರು ಬಿಟ್ಟುಕೊಂಡು ಸುತ್ತಲಿನ ಹಿಟ್ಟು ಹಸಿಹಸಿ ಉಳಿಯುತ್ತದೆ. ಬಾಡಿಸಿದ್ದನ್ನು ಪೂರ್ತಿ ತಣಿಯಲು ಬಿಡು, ಬಿಸಿ ಇರುವಾಗ ಹಿಟ್ಟಿಗೆ ಸುರಿಯಬೇಡ. ಸಬ್ಬಸಿಗೆ ಸೊಪ್ಪು ಸಿಕ್ಕಿದರೆ ಒಂದು ಹಿಡಿ ಹೆಚ್ಚಿ ಹಾಕು. ಬೇಯುವಾಗ ಆ ಪರಿಮಳ ಮನೆ ತುಂಬಾ ಹರಡುತ್ತದೆ. ಸಿಗದಿದ್ದರೆ ಕೊತ್ತಂಬರಿ. ತೆಂಗಿನತುರಿ ಬೇಡ.

ಕೆಲಸದ ಕ್ರಮ ಹೀಗಿರಲಿ. ಎಲ್ಲಕ್ಕಿಂತ ಮೊದಲು ಓವನ್ ಹಚ್ಚು, ಕಲಸಿದ ಮೇಲಲ್ಲ. 200 ಡಿಗ್ರಿಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಕಾಯಿಲ್ ಎರಡನ್ನೂ ಹಾಕಿ, ಹದಿನೈದು ನಿಮಿಷ ಕಾಯಲು ಬಿಡು. ನೀನು ಕೊಂಡಂಥ ಪುಟ್ಟ ಓಟಿಜಿಯ ಗುಂಡಿ 200 ಅನ್ನುವಾಗ ಒಳಗೆ 200 ಇರುತ್ತದೆಂದು ನಂಬಿ ಕೂರುವಂತಿಲ್ಲ. ಒಳಗಿಟ್ಟು ನೋಡುವ ಓವನ್ ಥರ್ಮಾಮೀಟರ್ ಸಿಗುತ್ತದೆ, ಯಾರ ಹತ್ತಿರವಾದರೂ ಇದ್ದರೆ ಒಮ್ಮೆ ತಂದು ಪರೀಕ್ಷಿಸು. ಇನ್ನೊಂದು ಮಾತು, ಇದು ಅಡುಗೆಗಿಂತ ಮುಖ್ಯ: ಓವನ್ನನ್ನು ಪವರ್ ಪ್ಲಗ್ಗಿಗೇ ಹಾಕು. ಫೋನ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಯಾವ ಕಾರಣಕ್ಕೂ ಹಾಕಬೇಡ. ಹಳೆಯ ಬಾಡಿಗೆ ಮನೆಯ ವೈರಿಂಗ್ ಹೇಗಿದೆಯೋ ಏನೋ. ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಆರಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸು, ಬ್ರೆಡ್ಡು ಹಾಳಾದರೆ ಆಗಲಿ.

ತಟ್ಟೆಗೆ ಎಣ್ಣೆ ಸವರಿ ಹಿಟ್ಟು ಉದುರಿಸಿ ಇಟ್ಟುಕೋ. ಜರಡಿ ಹಿಡಿದ ಹಿಟ್ಟಿಗೆ ತಣಿದ ಈರುಳ್ಳಿ ಸೇರಿಸಿ, ಬೆರಳ ತುದಿಯಿಂದ ಹಗುರವಾಗಿ ಬಿಡಿಸು. ಎಣ್ಣೆಯೂ ಈರುಳ್ಳಿಯೂ ಹಿಟ್ಟಿನಲ್ಲಿ ಎಲ್ಲೆಡೆ ಹರಡಬೇಕು. ಇಲ್ಲಿಯವರೆಗೆ ಯಾವ ಅವಸರವೂ ಇಲ್ಲ. ಬೇಕಾದರೆ ನಡುವೆ ಕಾಫಿ ಕುಡಿದು ಬಾ. ಮಜ್ಜಿಗೆ ಸುರಿದ ಮೇಲೆ ಮಾತ್ರ ಫೋನ್ ಬಂದರೂ ಎತ್ತಬೇಡ. ಹಿಟ್ಟಿನ ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿ. ಎರಡು ದೊಡ್ಡ ಚಮಚದಷ್ಟು ಕೈಯಲ್ಲಿ ಉಳಿಸಿಕೋ, ಒಂದೊಂದು ಹಿಟ್ಟು ಒಂದೊಂದು ಥರ ಕುಡಿಯುತ್ತದೆ. ಬೆರಳುಗಳನ್ನು ಅಗಲಿಸಿ, ಗಟ್ಟಿಯಾಗಿ ಹಿಡಿದು, ಪಾತ್ರೆಯ ನಡುವಿನಿಂದ ಅಂಚಿಗೆ ವೃತ್ತಾಕಾರವಾಗಿ ತಿರುಗಿಸುತ್ತಾ ಹೋಗು. ಹಿಸುಕಬೇಡ, ಮಡಿಸಬೇಡ, ಅಂಗೈಯಿಂದ ಒತ್ತಬೇಡ. ಒಣಹಿಟ್ಟು ಕಾಣದಾಯಿತೋ, ನಿಲ್ಲಿಸು. ಅರ್ಧ ನಿಮಿಷದ ಕೆಲಸ. ಕೈಗೆ ಅಂಟಬೇಕು, ಆದರೆ ಹರಿಯಬಾರದು. ಚಪಾತಿ ಹಿಟ್ಟಿಗಿಂತ ಸಡಿಲ, ವಡೆ ಹಿಟ್ಟಿಗಿಂತ ಗಟ್ಟಿ, ಅದು ಹದ. ಒಣಗಿದೆ ಅನ್ನಿಸಿದರೆ ಉಳಿಸಿಟ್ಟ ಮಜ್ಜಿಗೆ ಹಾಕು.

ಮಣೆಯ ಮೇಲೆ ಹಿಟ್ಟು ಉದುರಿಸಿ ಇದನ್ನು ಮಗುಚಿ ಹಾಕು. ಕೈ ತೊಳೆದು ಒರೆಸಿಕೊಂಡು, ಒಣ ಹಿಟ್ಟು ಸವರಿಕೊಂಡು, ಅಂಚುಗಳನ್ನು ಒಳಗೆ ತಳ್ಳುತ್ತಾ ಗುಂಡಗೆ ಮಾಡು. ಆರು ಇಂಚು ಅಗಲ, ಒಂದೂವರೆ ಇಂಚು ದಪ್ಪ. ಮೇಲ್ಭಾಗ ಒರಟಾಗಿಯೇ ಇರಲಿ, ಆ ಉಬ್ಬುತಗ್ಗುಗಳೇ ಆಮೇಲೆ ಗರಿಗರಿಯಾಗುವುದು. ತಟ್ಟೆಗೆ ದಾಟಿಸಿ, ಚೂಪಾದ ಚಾಕುವಿನಿಂದ ಈ ಅಂಚಿನಿಂದ ಆ ಅಂಚಿಗೆ ಅಡ್ಡ ಒಂದು, ಉದ್ದ ಒಂದು ಗೀರು ಹಾಕು, ಅರ್ಧ ದಪ್ಪಕ್ಕೆ ಇಳಿಯುವಷ್ಟು ಆಳ. ಒಳಗಿರುವ ಯಕ್ಷಿಣಿಯರು ಹೊರಗೆ ಹೋಗಲಿ ಎಂದು ಹಾಗೆ ಗೀರುವುದಾಗಿ ಐರ್ಲೆಂಡಿನಲ್ಲಿ ಹಳಬರು ಹೇಳುತ್ತಾರೆ. ಶಿಲುಬೆಯ ಗುರುತು ಎನ್ನುವವರೂ ಇದ್ದಾರೆ. ಅಡುಗೆಯ ಕಣ್ಣಿನಿಂದ ನೋಡಿದರೆ ಕಾರಣ ಸರಳ: ಗುಂಡನೆಯ ಬ್ರೆಡ್ಡಿನಲ್ಲಿ ಕೊನೆಗೆ ಬೇಯುವುದು ನಡುಭಾಗ, ಗೀರಿದರೆ ಶಾಖ ಅಲ್ಲಿಗೆ ಬೇಗ ಇಳಿಯುತ್ತದೆ. ತಿನ್ನುವಾಗ ನಾಲ್ಕು ಪಾಲಾಗಿ ಮುರಿಯುವುದೂ ಸುಲಭ.

ಓವನ್ನಿನ ನಡುಮಟ್ಟದಲ್ಲಿಡು. ಮೊದಲ 25 ನಿಮಿಷ ಬಾಗಿಲು ತೆಗೆಯಬೇಡ. ಪುಟ್ಟ ಓವನ್ನಿನ ಬಿಸಿ ಒಮ್ಮೆ ಬಾಗಿಲು ತೆಗೆದರೆ ದಡಕ್ಕನೆ ಇಳಿದುಬಿಡುತ್ತದೆ, ಬ್ರೆಡ್ಡಿನ ಒಳಗು ಇನ್ನೂ ಗಟ್ಟಿಯಾಗಿರುವುದಿಲ್ಲ, ಕುಸಿಯುತ್ತದೆ. ಗಾಜಿನಿಂದ ನೋಡು. ಮೇಲಿನ ಕಾಯಿಲ್ ಹತ್ತಿರವಿರುವುದರಿಂದ ಅರ್ಧ ಗಂಟೆಗೆ ಬಣ್ಣ ಹೆಚ್ಚೆನಿಸಿದರೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಹೊದಿಸು. ಒಟ್ಟು 35ರಿಂದ 40 ನಿಮಿಷ. ಬೆಂದಿದೆಯೋ ಇಲ್ಲವೋ ಎಂದು ಗಡಿಯಾರವನ್ನು ಕೇಳಬೇಡ, ಬ್ರೆಡ್ಡನ್ನೇ ಕೇಳು. ಬಟ್ಟೆ ಹಿಡಿದು ತಿರುಗಿಸಿ ತಳವನ್ನು ಬೆರಳ ಗೆಣ್ಣಿನಿಂದ ತಟ್ಟು. ಟೊಳ್ಳು ಸದ್ದು ಬಂದರೆ ಬೆಂದಿದೆ. ಮಂಕಾದ ದಪ್ಪ ಸದ್ದು ಬಂದರೆ ಒಳಗೆ ಇನ್ನೂ ತೇವವಿದೆ, ತಳ ಮೇಲೆ ಮಾಡಿ ಐದಾರು ನಿಮಿಷ ಮತ್ತೆ ಇಡು.

ಹೊರಗೆ ತೆಗೆದ ಮೇಲಿನ ಅರ್ಧ ಗಂಟೆಯೇ ನಿನಗೆ ಎಲ್ಲಕ್ಕಿಂತ ಕಷ್ಟವಾಗುವುದು. ಬಿಸಿಬಿಸಿ ಕುಯ್ಯಬೇಡ. ಒಳಗಿನ ಆವಿ ಇನ್ನೂ ಕೆಲಸ ಮಾಡುತ್ತಿರುತ್ತದೆ, ಪಿಷ್ಟ ಗಟ್ಟಿಯಾಗಿರುವುದಿಲ್ಲ. ಆಗ ಚಾಕು ಇಳಿಸಿದರೆ ಅಂಟಂಟಾಗಿ ಚಾಕುವಿಗೇ ಮೆತ್ತಿಕೊಳ್ಳುತ್ತದೆ, ಬೆಂದೇ ಇಲ್ಲವೇನೋ ಎಂದು ನೀನು ಸುಮ್ಮನೆ ಗಾಬರಿಯಾಗುತ್ತೀಯ. ಗಾಳಿಯಾಡುವ ಜಾಲರಿಯ ಮೇಲಿಡು, ಇಲ್ಲವೆ ಎರಡು ಲೋಟ ಬೋರಲು ಹಾಕಿ ಅವುಗಳ ಮೇಲಿಡು. ಸಿಪ್ಪೆ ಗರಿಗರಿ ಬೇಕಿದ್ದರೆ ಹಾಗೇ ಬಿಡು, ಮೆತ್ತಗೆ ಬೇಕಿದ್ದರೆ ತೆಳು ಪಂಚೆಬಟ್ಟೆ ಸುತ್ತು.

ನಿನ್ನ ರೂಮಿನ ಆ ಇನ್ನೊಬ್ಬ ಹುಡುಗ ಊರಲ್ಲಿ ಓವನ್ ಇಲ್ಲವಲ್ಲ ಅಂದಿದ್ದನಂತೆ. ಅವನಿಗೂ ದಾರಿ ಇದೆ. ಉತ್ತರ ಐರ್ಲೆಂಡಿನ ಕಡೆ ಇದೇ ಹಿಟ್ಟನ್ನು ಮುಕ್ಕಾಲು ಇಂಚು ದಪ್ಪಕ್ಕೆ ತಟ್ಟಿ, ನಾಲ್ಕು ತುಂಡಾಗಿ ಕತ್ತರಿಸಿ, ಕಬ್ಬಿಣದ ಹೆಂಚಿನ ಮೇಲೆ ಎರಡೂ ಮಗ್ಗುಲು ಬೇಯಿಸುತ್ತಾರೆ. ನಮ್ಮ ರೊಟ್ಟಿ ಹೆಂಚು ಅದಕ್ಕೆ ಚೆನ್ನಾಗಿ ಒದಗುತ್ತದೆ. ಎಣ್ಣೆ ಬೇಡ, ಒಣ ಹಿಟ್ಟು ಉದುರಿಸಿದರೆ ಸಾಕು. ಉರಿ ಸಣ್ಣಗಿರಲಿ, ಒಂದೊಂದು ಮಗ್ಗುಲು ಎಂಟು ಹತ್ತು ನಿಮಿಷ. ಆಮೇಲೆ ತುಂಡುಗಳನ್ನು ನಿಲ್ಲಿಸಿ ಅಂಚುಗಳನ್ನೂ ಬಿಸಿಗೆ ಹಿಡಿ. ನೀರಿಲ್ಲದೆ ಪ್ರೆಷರ್ ಕುಕ್ಕರ್ ಕಾಯಿಸಿ ಬೇಕ್ ಮಾಡುವುದನ್ನು ಅನೇಕರು ತೋರಿಸಿಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಕುಕ್ಕರಿನ ಆಯಸ್ಸಿಗೂ ಅದು ಒಳ್ಳೆಯದಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ದಿನವೂ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ತರಿಸಿಕೊಂಡು ಡಬ್ಬಿಯಲ್ಲೇ ತಿಂದು ಮಲಗುತ್ತೀಯ ಎಂದು ನಿನ್ನಮ್ಮ ಹೇಳಿದಳು. ನನ್ನ ಹೊಟ್ಟೆ ಉರಿಯಿತು. ಬೈಯುವುದಕ್ಕಲ್ಲ ಮಗೂ. ನಿನ್ನ ಕೆಲಸದ ಹೊತ್ತು ನಮ್ಮ ಕಾಲದ ಹಾಗಿಲ್ಲ, ನನಗೆ ಗೊತ್ತು. ದಿನಾ ಸಾರು ಪಲ್ಯ ಮಾಡು ಎನ್ನಲಾರೆ. ಆದರೆ ವಾರಕ್ಕೊಂದು ಸಲ ಸ್ವಂತ ಕೈಯಿಂದ ಹಿಟ್ಟು ಮುಟ್ಟಿ, ಬೆಂದದ್ದನ್ನು ತಟ್ಟೆಯಲ್ಲಿಟ್ಟುಕೊಂಡು ಕೂತು ತಿನ್ನು. ಈ ಬ್ರೆಡ್ಡಿಗೆ ನಿನ್ನ ಕೈಕೆಲಸ ಇಪ್ಪತ್ತು ನಿಮಿಷ, ಉಳಿದದ್ದು ಓವನ್ನಿನದು. ಆ ಹೊತ್ತಿನಲ್ಲಿ ಬಟ್ಟೆ ಮಡಿಸಿಡು, ನಿನ್ನಮ್ಮನಿಗೆ ಫೋನ್ ಮಾಡು. ನಾಲ್ಕು ಪಾಲಿನಲ್ಲಿ ಒಂದನ್ನು ಕೆಳಗಿನ ಮನೆಯ ಓನರ್ ಅಜ್ಜಿಗೆ ಕೊಟ್ಟು ಬಾ. ಖಾಲಿ ತಟ್ಟೆ ಅವರು ವಾಪಸು ಕಳಿಸುವುದಿಲ್ಲ, ಆ ಪರಿಚಯ ನಿನಗೆ ಆಪತ್ತಿಗೂ ಆಗುತ್ತದೆ.

ಉಳಿಸಿ ಇಡುವ ವಿಚಾರ. ಸೋಡಾ ಬ್ರೆಡ್ಡು ಅವತ್ತೇ ಚೆನ್ನ, ಮಾರನೆಯ ದಿನಕ್ಕೆ ಬಿರುಸಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ ಒಣಗಿದಂತಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡು. ಬೆಳಿಗ್ಗೆ ಬಿಲ್ಲೆಗಳಾಗಿ ಕುಯ್ದು, ಹೆಂಚಿನ ಮೇಲೆ ಬೆಣ್ಣೆ ಹಾಕಿ ಎರಡೂ ಕಡೆ ಕಾಯಿಸಿದರೆ ಕಾಫಿಗೆ ಅದಕ್ಕಿಂತ ಬೇರೆ ತಿಂಡಿ ಬೇಡ. ಈರುಳ್ಳಿ ಹಾಕಿದ್ದರಿಂದ ಮೂರನೆಯ ದಿನಕ್ಕೆ ಹೊರಗಿಡಬೇಡ, ಬೇಸಿಗೆಯಲ್ಲಂತೂ ಖಂಡಿತ ಬೇಡ. ಮಿಕ್ಕೀತು ಅನ್ನಿಸಿದರೆ ಅವತ್ತೇ ಬಿಲ್ಲೆ ಮಾಡಿ ಫ್ರೀಜರಿನಲ್ಲಿಡು.

ಎರಡು ಮೂರು ಸಲ ಮಾಡಿ ಕೈ ಕುದುರಿದ ಮೇಲೆ ರಾಗಿಗೆ ಬಾ. 100 ಗ್ರಾಂ ಗೋಧಿ ಹಿಟ್ಟಿನ ಬದಲು 60 ಗ್ರಾಂ ರಾಗಿ ಹಿಟ್ಟು, 40 ಗ್ರಾಂ ಗೋಧಿ. ಅದಕ್ಕಿಂತ ಹೆಚ್ಚು ರಾಗಿ ಬೇಡ. ರಾಗಿಯಲ್ಲಿ ಗ್ಲೂಟನ್ ಇಲ್ಲ, ಹಿಡಿದುಕೊಳ್ಳುವ ಶಕ್ತಿ ಸಾಲದೆ ಬ್ರೆಡ್ಡು ಉದುರುತ್ತದೆ. ಕಲಸಿದಾಗ ಹಿಟ್ಟು ಬಿಗಿ ಅನ್ನಿಸಿದರೆ ಮಜ್ಜಿಗೆ ಎರಡು ದೊಡ್ಡ ಚಮಚ ಹೆಚ್ಚಿಸು. ಅರಿಶಿನದ ಬಣ್ಣ ರಾಗಿಯಲ್ಲಿ ಕಾಣುವುದಿಲ್ಲ, ಆದ್ದರಿಂದ ಸೋಡಾದ ಅಳತೆ ಅಷ್ಟರೊಳಗೆ ನಿನ್ನ ಕೈಯಲ್ಲಿ ಕೂತಿರಬೇಕು. ಬೆಳ್ಳುಳ್ಳಿ ನಾಲ್ಕೆಸಳು ಜಜ್ಜಿ ಈರುಳ್ಳಿಯ ಜೊತೆ ಬಾಡಿಸಿದರೆ ರಾಗಿಗೆ ಬಹಳ ಒಗ್ಗುತ್ತದೆ. ಸಬ್ಬಸಿಗೆ ಮಾರ್ಕೆಟ್ಟಿಗೆ ಬಂದಿದೆ, ಈ ಶನಿವಾರವೇ ಒಂದು ಕಟ್ಟು ತಂದಿಡು.

ನಿನ್ನ ದೊಡ್ಡಮ್ಮ